‘ಗ್ಯಾಸ್ ಬೇಡ, ಯಾವ ವೈರಾದರೂ ನಡೆಯುತ್ತೆ’: ಮನೆ ವೆಲ್ಡಿಂಗ್ ಮಿಷನ್ ಬಗ್ಗೆ ಬರುವ ಫಾರ್ವರ್ಡ್ ಎಷ್ಟು ನಿಜ?

ಕೈಯಲ್ಲಿ ಹಿಡಿದು ಒಯ್ಯುವಷ್ಟು ಚಿಕ್ಕ ವೆಲ್ಡಿಂಗ್ ಮಿಷನ್. ಟ್ರಿಗರ್ ಒತ್ತಿದರೆ ಟಾರ್ಚಿನಿಂದ ವೈರು ತಾನಾಗಿಯೇ ಹೊರಬರುತ್ತದೆ. ‘ಗ್ಯಾಸ್ ಬೇಡ, ರಾಡ್ ಬೇಡ, ಮನೆ ಕರೆಂಟಿನಲ್ಲೇ 250 ಆಂಪ್ಸ್, ಯಾವ ವೈರು ಹಾಕಿದರೂ ನಡೆಯುತ್ತೆ’ ಎಂಬ ಒಕ್ಕಣೆಯ ವಿಡಿಯೊಗಳು ನಿಮಗೂ ಬಂದಿರಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕು ಬ್ಯಾರನ್ನುಗಳ ಪೈಪಿಗೆ, ಕೆ.ಆರ್. ನಗರದ ಕಬ್ಬಿನ ಟ್ರೇಲರಿಗೆ ಆಗಾಗ ಬೆಸುಗೆ ಬೇಕಾಗುತ್ತದೆ. ಹಾಗಾಗಿ ಮಿಷನ್ ಮನೆಯಲ್ಲೇ ಇದ್ದರೆ ಒಳ್ಳೆಯದು ಅನಿಸುವುದು ಸಹಜ. ಮಿಷನ್ ಸುಳ್ಳಲ್ಲ. ಆದರೆ ಒಕ್ಕಣೆಯನ್ನು ಪೂರ್ತಿ ನಂಬಿ ಬೆಸುಗೆ ಹಾಕಿದರೆ ಅದು ಕಿತ್ತುಬರಬಹುದು.

ಗ್ಯಾಸ್ ಬೇಕೋ ಬೇಡವೋ ಹೇಳುವುದು ವೈರು

ಕರಗಿದ ಕಬ್ಬಿಣಕ್ಕೆ ಗಾಳಿ ಶತ್ರು. ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ ಅದರೊಳಗೆ ಸೇರಿಕೊಂಡರೆ ಬೆಸುಗೆ ಆರುವಾಗ ಒಳಗೆಲ್ಲ ತೂತು ಬೀಳುತ್ತದೆ. ರಾಡಿನಲ್ಲಿ ಮೇಲಿನ ಲೇಪ ಸುಟ್ಟು ಗಾಳಿಯನ್ನು ತಡೆಯುತ್ತದೆ. ವೈರಿನಲ್ಲಿ ಈ ಕೆಲಸ ಎರಡು ರೀತಿ ನಡೆಯುತ್ತದೆ.

ತಾಮ್ರದ ಬಣ್ಣಕ್ಕೆ ಹೊಳೆಯುವ ಗಟ್ಟಿ ವೈರಿನ (ಡಬ್ಬದ ಮೇಲೆ ಇಆರ್ 70ಎಸ್-6 ಎಂದಿರುತ್ತದೆ) ಒಳಗೆ ಏನೂ ಇರುವುದಿಲ್ಲ. ಇದಕ್ಕೆ ಸಿಲಿಂಡರಿನಿಂದ ಸಿಒಟು ಅಥವಾ ಆರ್ಗಾನ್-ಸಿಒಟು ಮಿಶ್ರಣ ಬರಲೇಬೇಕು. ಇನ್ನೊಂದು ಫ್ಲಕ್ಸ್ ಕೋರ್ ವೈರು. ಅದು ಸಣ್ಣ ಕೊಳವೆ, ಒಳಗೆ ಪುಡಿ ತುಂಬಿರುತ್ತದೆ. ಪುಡಿ ಸುಟ್ಟು ಹೊಗೆ ಮತ್ತು ಕಿಟ್ಟವಾಗಿ ಬೆಸುಗೆಯನ್ನು ಕಾಯುತ್ತದೆ. ವಿಡಿಯೊದಲ್ಲಿ ಗ್ಯಾಸ್ ಇಲ್ಲದೆ ಬೆಸುಗೆ ಆಗುವುದು ಈ ವೈರಿನಿಂದಲೇ. ಆದರೆ ಫ್ಲಕ್ಸ್ ಕೋರ್‌ನಲ್ಲೂ ಎರಡು ಜಾತಿ. ಇ71ಟಿ-ಜಿಎಸ್ ಅಥವಾ ಇ71ಟಿ-11 ಎಂದಿದ್ದರೆ ಗ್ಯಾಸ್ ಬೇಡ. ಇ71ಟಿ-1 ಎಂದಿದ್ದರೆ ಅದಕ್ಕೂ ಗ್ಯಾಸ್ ಬೇಕು. ಅಂಗಡಿಯಲ್ಲಿ ‘ಫ್ಲಕ್ಸ್ ವೈರ್ ಕೊಡಿ’ ಎಂದಷ್ಟೇ ಕೇಳಿದರೆ ಎಡವುವುದು ಇಲ್ಲೇ.

ಹಾಲಿನ ಅಲ್ಯೂಮಿನಿಯಂ ಕ್ಯಾನ್ ಬೆಸೆಯಲು ಇದ್ಯಾವುದೂ ಆಗದು. ಅದಕ್ಕೆ ಅಲ್ಯೂಮಿನಿಯಂ ವೈರು, ಶುದ್ಧ ಆರ್ಗಾನ್, ಟಾರ್ಚಿನೊಳಗೆ ಟೆಫ್ಲಾನ್ ಲೈನರ್ ಬೇಕು. ಹೊಸಬರು ಅದರಿಂದ ಶುರುಮಾಡಬೇಡಿ.

ವೈರು ಬದಲಿಸಿದರೆ ಇನ್ನೇನು ಬದಲಿಸಬೇಕು?

ವಿಡಿಯೊಗಳು ಬಿಟ್ಟುಬಿಡುವ ಮುಖ್ಯ ವಿಷಯ ಪೊಲಾರಿಟಿ. ವೈರಿನ ಸುರುಳಿ ಇರುವ ಬಾಗಿಲು ತೆರೆದರೆ, ಅಥವಾ ಮಿಷನ್ನಿನ ಮುಂಭಾಗದಲ್ಲಿ, ಪ್ಲಸ್ ಮತ್ತು ಮೈನಸ್ ಎಂದು ಎರಡು ಕಡೆ ಕೇಬಲ್ ಕೂರುತ್ತದೆ. ಗಟ್ಟಿ ವೈರು-ಗ್ಯಾಸಿಗೆ ಟಾರ್ಚ್ ಪ್ಲಸ್‌ಗೆ, ಅರ್ಥ್ ಕ್ಲ್ಯಾಂಪ್ ಮೈನಸ್‌ಗೆ. ಗ್ಯಾಸ್ ಬೇಡದ ಫ್ಲಕ್ಸ್ ಕೋರ್‌ಗೆ ಇದು ತಿರುಗಬೇಕು: ಟಾರ್ಚ್ ಮೈನಸ್, ಕ್ಲ್ಯಾಂಪ್ ಪ್ಲಸ್. ತಪ್ಪಾದರೂ ಮಿಷನ್ ನಿಲ್ಲುವುದಿಲ್ಲ, ಮೋಸ ಇರುವುದು ಅಲ್ಲೇ. ಕಿಡಿ ಜಾಸ್ತಿ ಹಾರುತ್ತದೆ, ಬೆಸುಗೆ ಸರಿಯಾಗಿ ಒಳಗಿಳಿಯದೆ ಮೇಲೆ ಕೂರುತ್ತದೆ. ಪ್ಲಗ್ ಕಿತ್ತ ಮೇಲೆಯೇ ಕೇಬಲ್ ಬದಲಿಸಿ.

ವೈರನ್ನು ತಳ್ಳುವ ರೋಲರ್ ಕೂಡ ನೋಡಿ. ಗಟ್ಟಿ ವೈರಿಗೆ ‘ವಿ’ ಆಕಾರದ ನಯವಾದ ಗಾಡಿ, ಫ್ಲಕ್ಸ್ ಕೋರ್‌ಗೆ ಹಲ್ಲು ಹಲ್ಲಾದ ಗಾಡಿ. ಫ್ಲಕ್ಸ್ ವೈರು ಟೊಳ್ಳಾದ್ದರಿಂದ ರೋಲರ್ ಬಿಗಿ ಹೆಚ್ಚಾದರೆ ಚಪ್ಪಟೆಯಾಗಿ ಸಿಕ್ಕಿಕೊಳ್ಳುತ್ತದೆ. ಟಾರ್ಚ್ ತುದಿಯ ತಾಮ್ರದ ಟಿಪ್ ಮೇಲಿನ ಅಂಕಿ ವೈರಿನ ದಪ್ಪಕ್ಕೆ ಹೊಂದಬೇಕು: 0.8 ಮಿ.ಮೀ. ವೈರಿಗೆ 0.8ರ ಟಿಪ್. ಗ್ಯಾಸ್ ಬಳಸುವುದಾದರೆ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು.

ಹಾಗಾದರೆ ಯಾವುದು ಒಳ್ಳೆಯದು? ನಮ್ಮ ಅಭಿಪ್ರಾಯದಲ್ಲಿ, ಆಷಾಢದ ಗಾಳಿಯಲ್ಲಿ ಹೊಲದ ಬದಿ ಬೆಸುಗೆ ಹಾಕುವವರಿಗೆ ಫ್ಲಕ್ಸ್ ಕೋರ್. ಗ್ಯಾಸಾದರೆ ಗಾಳಿಗೆ ಹಾರಿಹೋಗುತ್ತದೆ. ಬ್ಯಾರನ್ನಿನ ತೆಳು ತಗಡಿಗೆ ಮಾತ್ರ, ಗಾಳಿಯಿಲ್ಲದ ಜಾಗ ಸಿಕ್ಕರೆ, ಗಟ್ಟಿ ವೈರು-ಗ್ಯಾಸ್ ಸುಲಭ, ತಗಡು ತೂತಾಗುವುದು ಕಡಿಮೆ. ಮಳೆಗಾಲದಲ್ಲಿ ವೈರಿನ ಸುರುಳಿಯನ್ನು ಮಿಷನ್ನಿನಲ್ಲೇ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ತೇವ ಹಿಡಿದ ಫ್ಲಕ್ಸ್ ವೈರು ಬೆಸುಗೆಯಲ್ಲಿ ತೂತು ಮಾಡುತ್ತದೆ.

250 ಆಂಪ್ಸ್ ಲೆಕ್ಕ

250 ಆಂಪ್ಸ್‌ನಲ್ಲಿ ಬೆಸುಗೆಗೆ ಸುಮಾರು 26 ವೋಲ್ಟ್ ಬೇಕು, ಅಂದರೆ 6,500 ವ್ಯಾಟ್. ಮನೆಯ ದೊಡ್ಡ ಪ್ಲಗ್ 16 ಆಂಪ್ಸ್, 230 ವೋಲ್ಟ್, ಹೆಚ್ಚೆಂದರೆ 3,680 ವ್ಯಾಟ್. ಕೊಡುವುದಕ್ಕಿಂತ ಹೆಚ್ಚು ಪಡೆಯುವ ಮಿಷನ್ ಇಲ್ಲ. ಸಂಜೆ ವೋಲ್ಟೇಜ್ ಇಳಿದರಂತೂ ಇನ್ನೂ ಕಡಿಮೆ.

ಹಾಗಾಗಿ ಟ್ರೇಲರಿನ ಕೊಂಡಿಯಂತಹ ದಪ್ಪ ಕಬ್ಬಿಣವನ್ನು ವೆಲ್ಡಿಂಗ್ ಶಾಪಿಗೇ ಬಿಡಿ. ಕಬ್ಬು ತುಂಬಿದ ಟ್ರೇಲರ್ ರಸ್ತೆಯಲ್ಲಿ ಕಳಚಿದರೆ ಹಿಂದೆ ಬೈಕಿನಲ್ಲಿ ಬರುವವರ ಗತಿ ಯೋಚಿಸಿ. ಬ್ಯಾರನ್ನಿನಲ್ಲೂ ಉದಾಸೀನ ಸಲ್ಲದು. ಪೈಪಿನ ಬೆಸುಗೆ ಬಿಟ್ಟರೆ ಹೊಗೆ ಎಲೆಗೆ ತಾಗಿ ದರ್ಜೆ ಕೆಡುತ್ತದೆ. ಒಣಗಿದ ಎಲೆಗೆ ಕಿಡಿ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಒಳಗೆ ಎಲೆ ಇದ್ದಾಗ ವೆಲ್ಡಿಂಗ್ ಬೇಡವೇ ಬೇಡ.

ಸೆಟ್ಟಿಂಗ್ ಸರಿಯಿದೆಯೇ ಎಂದು ತಿಳಿಯಲು, ಅದೇ ದಪ್ಪದ ಎರಡು ಗುಜರಿ ತುಂಡುಗಳನ್ನು ‘ಟಿ’ ಆಕಾರದಲ್ಲಿ ಒಂದೇ ಬದಿ ಬೆಸೆದು, ಆರಿದ ಮೇಲೆ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿ. ತಗಡು ಬಗ್ಗಿಯೂ ಬೆಸುಗೆ ನಿಂತರೆ ಸರಿ. ಬೆಸುಗೆ ಚಕ್ಕೆಯಂತೆ ಎದ್ದುಬಂದರೆ ಪೊಲಾರಿಟಿಯಿಂದ ಮತ್ತೆ ಪರೀಕ್ಷೆ ಶುರುಮಾಡಿ.

ಇನ್ನೊಂದು ಫಾರ್ವರ್ಡ್: ‘ಜಿಐ ಪೈಪ್ ವೆಲ್ಡಿಂಗ್ ಮುಂಚೆ ಹಾಲು ಕುಡಿದರೆ ಹೊಗೆ ಏನೂ ಮಾಡದು.’ ಇದು ಸುಳ್ಳು. ಸತುವಿನ ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಕೆಲವು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈ ನೋವು ಬರಬಹುದು. ಬೆಸೆಯುವ ಜಾಗದ ಸತುವಿನ ಲೇಪವನ್ನು ಮೊದಲು ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆಯಿರಿ, ಬಯಲಲ್ಲಿ ಗಾಳಿ ಬರುವ ದಿಕ್ಕಿಗೆ ನಿಂತು ಬೆಸೆಯಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.