ಜೋ ಸಾಕೊ: ಸುದ್ದಿ ಹಳತಾದ ಮೇಲೆ ಬರುವ ವರದಿಗಾರ

2013ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಕೋಮುಗಲಭೆ ನಡೆಯಿತು. 60ಕ್ಕೂ ಹೆಚ್ಚು ಜನ ಸತ್ತರು. 50,000ಕ್ಕೂ ಹೆಚ್ಚು ಜನ ಊರು ಬಿಟ್ಟು ಓಡಿದರು, ಅವರಲ್ಲಿ ಬಹುತೇಕರು ಮುಸ್ಲಿಮರು. ಸುಮಾರು ಒಂದು ವರ್ಷ ಕಳೆದ ಮೇಲೆ, ಟಿವಿ ಕ್ಯಾಮೆರಾಗಳೆಲ್ಲ ವಾಪಸ್ ಹೋದ ಮೇಲೆ, ಅಮೆರಿಕದಿಂದ ಒಬ್ಬ ಕಾಮಿಕ್ಸ್ ಕಲಾವಿದ ಅಲ್ಲಿಗೆ ಬಂದ. ನೋಟ್‌ಬುಕ್ ಹಿಡಿದು ಹಳ್ಳಿ ಹಳ್ಳಿ ತಿರುಗಿದ, ಎರಡೂ ಕಡೆಯವರನ್ನು ಮಾತಾಡಿಸಿದ. ಅವನ ಪುಸ್ತಕ ‘ದಿ ಒನ್ಸ್ ಅಂಡ್ ಫ್ಯೂಚರ್ ರಾಯಟ್’ ಹೊರಬಂದದ್ದು 2025ರ ಅಕ್ಟೋಬರ್‌ನಲ್ಲಿ.

ಅಂದ್ರೆ ಘಟನೆಗೂ ಪುಸ್ತಕಕ್ಕೂ ನಡುವೆ 12 ವರ್ಷ. ಈ ನಡುವೆ ಅದೇ ರಾಜ್ಯದಲ್ಲಿ ಎರಡು ವಿಧಾನಸಭಾ ಚುನಾವಣೆ, ದೇಶದಲ್ಲಿ ಮೂರು ಲೋಕಸಭಾ ಚುನಾವಣೆ ಮುಗಿದಿವೆ. ಇಷ್ಟು ತಡವಾಗಿ ಬರುವ ವರದಿಯಿಂದ ಏನು ಪ್ರಯೋಜನ? ಜೋ ಸಾಕೊ ಅವರ ಮೂವತ್ತು ವರ್ಷದ ಕೆಲಸವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತೆ.

ಯಾರು ಈ ಸಾಕೊ?

ಹುಟ್ಟಿದ್ದು 1960ರಲ್ಲಿ, ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಮಾಲ್ಟಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಾಲ್ಟಾ ಮೇಲೆ ಸುರಿದ ಬಾಂಬುಗಳ ನಡುವೆ ಬದುಕುಳಿದವರು ಅವರ ತಂದೆ-ತಾಯಿ. ತಾಯಿಯ ಆ ನೆನಪುಗಳನ್ನು ಸಾಕೊ ಮುಂದೆ ಕಾಮಿಕ್ಸ್ ಆಗಿ ಬರೆದರು. ಬಾಲ್ಯದ ಒಂದಷ್ಟು ಕಾಲ ಆಸ್ಟ್ರೇಲಿಯಾ, ಆಮೇಲೆ ಅಮೆರಿಕ. 1981ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದಿಂದ ಪತ್ರಿಕೋದ್ಯಮದ ಡಿಗ್ರಿ.

ಡಿಗ್ರಿ ಸಿಕ್ಕಿತು, ಮನಸ್ಸಿಗೆ ಹಿಡಿಸುವ ಕೆಲಸ ಸಿಗಲಿಲ್ಲ. (ನಮ್ಮಲ್ಲಿ ಎಂಜಿನಿಯರಿಂಗ್ ಮುಗಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಕಾಮಿಕ್ಸ್ ಪತ್ರಿಕೆಯೊಂದರಲ್ಲಿ ದುಡಿದರು, ಒಂದು ರಾಕ್ ಬ್ಯಾಂಡ್ ಜತೆ ಯುರೋಪ್ ಸುತ್ತಿದರು, ಬರ್ಲಿನ್‌ನಲ್ಲಿ ಕೂತು ಪೋಸ್ಟರ್, ರೆಕಾರ್ಡ್ ಕವರ್ ಬಿಡಿಸಿ ಜೀವನ ಸಾಗಿಸಿದರು. 1991-92ರ ಚಳಿಗಾಲದಲ್ಲಿ ವೆಸ್ಟ್ ಬ್ಯಾಂಕ್ ಮತ್ತು ಗಾಜಾಕ್ಕೆ ಹೋಗಿ ಎರಡು ತಿಂಗಳು ಇದ್ದರು. ಯಾವ ಪತ್ರಿಕೆಯೂ ಕಳಿಸಿರಲಿಲ್ಲ.

ಅದರಿಂದ ಹುಟ್ಟಿದ್ದು ‘ಪ್ಯಾಲೆಸ್ಟೈನ್’. 1993ರಿಂದ 95ರವರೆಗೆ 9 ಕಂತುಗಳಲ್ಲಿ ಕಾಮಿಕ್ಸ್ ಪುಸ್ತಿಕೆಯಾಗಿ ಬಂತು. 1996ರಲ್ಲಿ ಅಮೆರಿಕನ್ ಬುಕ್ ಅವಾರ್ಡ್ ಏನೋ ಸಿಕ್ತು, ಆದರೆ ಮಾರಾಟ ತೀರಾ ಕಡಿಮೆ. 2000ದಲ್ಲಿ ಬೋಸ್ನಿಯಾ ಯುದ್ಧದ ಬಗ್ಗೆ ಬರೆದ ‘ಸೇಫ್ ಏರಿಯಾ ಗೊರಾಜ್ಡೆ’ ಹೊರಬಂದ ಮೇಲೆಯೇ ದೊಡ್ಡ ಓದುಗ ಬಳಗ ಅವರತ್ತ ತಿರುಗಿದ್ದು. ಮರುವರ್ಷ ಗುಗೆನ್‌ಹೈಮ್ ಫೆಲೋಶಿಪ್ ಬಂತು. ಅದೇ ವರ್ಷ ಎಡ್ವರ್ಡ್ ಸೈದ್ ಮುನ್ನುಡಿಯೊಂದಿಗೆ ‘ಪ್ಯಾಲೆಸ್ಟೈನ್’ ಒಂದೇ ಸಂಪುಟವಾಗಿ ಬಂತು. ಇವತ್ತು ನಾವು ‘ಕ್ಲಾಸಿಕ್’ ಅಂತ ಕರೆಯುವ ಪುಸ್ತಕ ಓದುಗರನ್ನು ಹುಡುಕಿಕೊಳ್ಳಲು ಹತ್ತಿರ ಹತ್ತಿರ ಹತ್ತು ವರ್ಷ ತಗೊಂಡಿತ್ತು.

ಇದು ನಮಗೆ ಗೊತ್ತಿರುವ ಕಾರ್ಟೂನ್ ಅಲ್ವಾ?

ಕನ್ನಡದ ಓದುಗರಿಗೆ ಚಿತ್ರ ಮತ್ತು ರಾಜಕೀಯ ಎಂದಕೂಡಲೇ ನೆನಪಾಗೋದು ವ್ಯಂಗ್ಯಚಿತ್ರ. ರಾಶಿಯವರ ‘ಕೊರವಂಜಿ’ಗೆ ಬರೆಯುತ್ತಿದ್ದ ಮೈಸೂರಿನ ಆರ್.ಕೆ. ಲಕ್ಷ್ಮಣ್‌ರಿಂದ ಹಿಡಿದು ಇವತ್ತಿನ ಪತ್ರಿಕೆಗಳ ಮುಖಪುಟದವರೆಗೆ ನಮ್ಮದು ಒಂದೇ ಚೌಕಟ್ಟಿನ ಪರಂಪರೆ. ಬೆಳಗ್ಗೆ ಘಟನೆ, ಸಂಜೆ ಚಿತ್ರ, ಮರುದಿನ ನಗು. ಸಾಕೊ ಮಾಡುವುದು ವರದಿಗಾರಿಕೆ. ಫೀಲ್ಡಿಗೆ ಹೋಗಿ, ಸಂದರ್ಶನ ಮಾಡಿ, ದಾಖಲೆ ಹುಡುಕಿ, ಅದನ್ನು ನೂರಾರು ಪುಟಗಳ ಚಿತ್ರಕಥನವಾಗಿ ಬರೆಯುವುದು.

ವಿಧಾನ ಸ್ಥೂಲವಾಗಿ ಹೀಗೆ. ಮಾತುಕತೆಗಳನ್ನು ರೆಕಾರ್ಡ್ ಮಾಡಿಕೊಳ್ತಾರೆ, ಜಾಗಗಳ ಫೋಟೊ ತೆಗೀತಾರೆ. ಊರಿಗೆ ಮರಳಿದ ಮೇಲೆ ಆ ಧ್ವನಿಮುದ್ರಿಕೆಗಳನ್ನೆಲ್ಲ ಅಕ್ಷರಕ್ಕಿಳಿಸಿ, ಯಾವ ವಿಷಯ ಎಲ್ಲಿದೆ ಅಂತ ಸೂಚಿ ಮಾಡಿ, ಮೊದಲು ಇಡೀ ಪುಸ್ತಕದ ಬರಹವನ್ನು ಮುಗಿಸ್ತಾರೆ. ಪೆನ್ನು ಇಂಕಿಗೆ ಅದ್ದುವುದು ಅದಾದ ನಂತರ. ಗೆರೆಯ ಮೇಲೆ ಗೆರೆ ಎಳೆದು ನೆರಳು ಮೂಡಿಸುವ ಕಪ್ಪು-ಬಿಳುಪು ಶೈಲಿ ಅವರದು. ಗುಂಪಿನ ಚಿತ್ರದಲ್ಲೂ ಒಬ್ಬೊಬ್ಬನಿಗೆ ಒಂದೊಂದು ಮುಖ ಇರುತ್ತೆ, ನಕಲು-ಅಂಟಿಸು ಇಲ್ಲ.

ಪ್ರಶ್ನೆ ಕೇಳುವ ರೀತಿಯೂ ಬೇರೆ. ಬರೆಯುವ ವರದಿಗಾರನಿಗೆ “ಅವರನ್ನು ಗೋಡೆ ಬಳಿ ನಿಲ್ಲಿಸಿದರು” ಅನ್ನೋ ಒಂದು ವಾಕ್ಯ ಸಾಕು. ಚಿತ್ರ ಬಿಡಿಸುವವನಿಗೆ ಸಾಲದು. ಗೋಡೆ ಎಷ್ಟು ಎತ್ತರ? ಎಷ್ಟು ಜನ ಇದ್ರು? ಕೈ ಮೇಲಿತ್ತಾ ಕೆಳಗಿತ್ತಾ? ರಸ್ತೆ ಮಣ್ಣಿನದಾ? ಸಾಕೊ ಇಂಥ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳ್ತಾರೆ. ಹಿಂಸೆ ಕಂಡವರ ನೆನಪನ್ನು ಹೀಗೆ ಕೆದಕುವುದು ಸುಲಭದ ಕೆಲಸವಲ್ಲ, ಆ ಮುಜುಗರವನ್ನೂ ಅವರು ಪುಸ್ತಕದೊಳಗೇ ಬರೀತಾರೆ.

ಕತ್ತರಿಸಿ ಬಿಸಾಕಿದ ಪ್ಯಾರಾಗಳಿಂದ 400 ಪುಟ

2001ರಲ್ಲಿ ಪತ್ರಕರ್ತ ಕ್ರಿಸ್ ಹೆಜಸ್ ಜತೆ ‘ಹಾರ್ಪರ್ಸ್’ ಪತ್ರಿಕೆಗಾಗಿ ಸಾಕೊ ಗಾಜಾದ ಖಾನ್ ಯೂನಿಸ್‌ಗೆ ಹೋಗಿದ್ದರು. 1956ರ ಸೂಯೆಜ್ ಬಿಕ್ಕಟ್ಟಿನ ವೇಳೆ ಇಸ್ರೇಲಿ ಸೈನಿಕರು ಅಲ್ಲಿ ನಾಗರಿಕರನ್ನು ಕೊಂದಿದ್ದರು. ವಿಶ್ವಸಂಸ್ಥೆಯ ವರದಿಯ ಪ್ರಕಾರ ಖಾನ್ ಯೂನಿಸ್‌ನಲ್ಲಿ 275 ಮಂದಿ, ಕೆಲವೇ ದಿನಗಳಲ್ಲಿ ಪಕ್ಕದ ರಫಾದಲ್ಲಿ 111 ಮಂದಿ. ಲೇಖನ ಅಚ್ಚಾದಾಗ ಈ ಹಳೇ ಇತಿಹಾಸದ ಭಾಗವನ್ನು ಪತ್ರಿಕೆ ತೆಗೆದುಹಾಕಿತ್ತು.

ಸಾಕೊ 2002-03ರಲ್ಲಿ ಮತ್ತೆ ಗಾಜಾಕ್ಕೆ ಹೋದರು. ಬದುಕುಳಿದ ಮುದುಕರನ್ನು ಹುಡುಕಿ ಹುಡುಕಿ ಮಾತಾಡಿಸಿದರು. ಸುಮಾರು 400 ಪುಟದ ‘ಫುಟ್‌ನೋಟ್ಸ್ ಇನ್ ಗಾಜಾ’ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಒಂದೇ ಘಟನೆಯನ್ನು ಹಲವರು ಹಲವು ಥರ ಹೇಳಿದಾಗ ಅವರು ಆ ಗೊಂದಲವನ್ನು ಇಸ್ತ್ರಿ ಹಾಕಿ ಸರಿ ಮಾಡಲಿಲ್ಲ. ಯಾರ ನೆನಪು ಎಲ್ಲಿ ಕೂಡುತ್ತೆ, ಎಲ್ಲಿ ಕೂಡಲ್ಲ ಅನ್ನೋದನ್ನು ಓದುಗನ ಮುಂದೆಯೇ ಬಿಡಿಸಿಟ್ಟರು.

ವಿಚಿತ್ರ ನೋಡಿ. 1956ರ ಕಥೆ ಕೇಳಲು ಹೋದರೆ ಅಲ್ಲಿಯ ಯುವಕರು “ಅದ್ಯಾಕೆ ಈಗ, ಇವತ್ತು ಬುಲ್ಡೋಜರ್ ಬರ್ತಿದೆಯಲ್ಲ” ಅನ್ನುವ ಧಾಟಿಯಲ್ಲಿ ಕೇಳ್ತಾರೆ. ಆಗ ರಫಾದಲ್ಲಿ ಮನೆಗಳನ್ನು ಕೆಡವುವ ಕಾರ್ಯಾಚರಣೆ ನಡೀತಿತ್ತು. ಹಾಗಾಗಿ ಆ ಪುಸ್ತಕದಲ್ಲಿ ಎರಡು ಕಾಲಗಳು ಒಟ್ಟಿಗೆ ಸಾಗುತ್ತವೆ.

ಪುಸ್ತಕ ಬಿಡುಗಡೆಯಾಗುವ ಹೊತ್ತು

ಸಾಕೊ ಅವರ ಪ್ರತೀ ಹೊಸ ಪುಸ್ತಕ ಬಂದಾಗಲೂ ಒಂದು ವಿಷಯ ಗಮನಿಸಬಹುದು. ವಿಷಯ ಹಳೇದು ಅಂದುಕೊಂಡಿರುತ್ತೇವೆ, ಅಷ್ಟರಲ್ಲಿ ಸುದ್ದಿಯೇ ತಿರುಗಿ ಪುಸ್ತಕದ ಹತ್ತಿರ ಬಂದಿರುತ್ತೆ.

- ‘ಫುಟ್‌ನೋಟ್ಸ್ ಇನ್ ಗಾಜಾ’ ಬರುವ ವರ್ಷದ ಆರಂಭದಲ್ಲಷ್ಟೇ ಗಾಜಾ ಮೇಲಿನ 2008-09ರ ಇಸ್ರೇಲಿ ದಾಳಿ ಮುಗಿದಿತ್ತು.
- ಉತ್ತರ ಕೆನಡಾದ ಡೆನೆ ಮೂಲನಿವಾಸಿಗಳ ಬಗೆಗಿನ ‘ಪೇಯಿಂಗ್ ದ ಲ್ಯಾಂಡ್’ಗೆ ಸಾಕೊ ಓಡಾಡಿದ್ದು 2015ರಲ್ಲಿ. ಪುಸ್ತಕ ಬಂದದ್ದು 2020ರಲ್ಲಿ, ಕೋವಿಡ್ ನಡುವೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ತುಂಬಿದ್ದ ವಸತಿ ಶಾಲೆಗಳ ಕಥೆ ಅದರಲ್ಲಿದೆ. ಮರುವರ್ಷವೇ ಕ್ಯಾಮ್‌ಲೂಪ್ಸ್‌ನ ಹಳೇ ವಸತಿ ಶಾಲೆಯ ಆವರಣದಲ್ಲಿ ಗುರುತಿಲ್ಲದ ಸಮಾಧಿಗಳಿರುವ ಸುಳಿವು ಸಿಕ್ಕಿದೆ ಎಂಬ ಸುದ್ದಿ ಬಂತು, ಜಗತ್ತು ಆ ಶಾಲೆಗಳ ಬಗ್ಗೆ ಮಾತಾಡಲು ಶುರು ಮಾಡಿತು.
- 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಅದರ ನಂತರದ ಯುದ್ಧದ ಹೊತ್ತಿಗೆ ‘ಪ್ಯಾಲೆಸ್ಟೈನ್’ಗೆ 30 ವರ್ಷ. ಬೇಡಿಕೆ ಏರಿ, ಪ್ರಕಾಶಕರು ತರಾತುರಿಯಲ್ಲಿ ಮರುಮುದ್ರಣ ಮಾಡಬೇಕಾಯಿತು.

ಇದು ಕಾಕತಾಳೀಯ ಅಂತ ನನಗನ್ನಿಸಲ್ಲ. ನ್ಯಾಯ ಸಿಗದೆ ಬಿಟ್ಟುಹೋದ ಜಾಗಗಳನ್ನೇ ಅವರು ಆರಿಸಿಕೊಳ್ತಾರೆ. ಅಂಥ ಜಾಗದಲ್ಲಿ ಸುದ್ದಿ ಮುಗಿದಿರುವುದಿಲ್ಲ, ಚಾನೆಲ್‌ಗಳ ಆಸಕ್ತಿ ಮುಗಿದಿರುತ್ತೆ ಅಷ್ಟೇ.

ಉತ್ತರ ಪ್ರದೇಶಕ್ಕೆ ಎರಡು ಬಾರಿ

ಭಾರತ ಸಾಕೊಗೆ ಹೊಸದಾಗಿರಲಿಲ್ಲ. 2012ರ ‘ಜರ್ನಲಿಸಂ’ ಸಂಕಲನದಲ್ಲಿ ‘ಕುಶಿನಗರ್’ ಎಂಬ ದೀರ್ಘ ವರದಿ ಇದೆ. ಪೂರ್ವ ಉತ್ತರ ಪ್ರದೇಶದ ದಲಿತ ಕೇರಿಗಳ ಹಸಿವು ಅದರ ವಸ್ತು. ಬಡವರಿಗಾಗಿ ಇರುವ ಯೋಜನೆಗಳ ದುಡ್ಡು ಮೇಲ್ಜಾತಿಯವರನ್ನು, ಅಧಿಕಾರಿಗಳನ್ನು ದಾಟಿ ಕೇರಿಗೆ ಇಳಿಯುವುದೇ ಇಲ್ಲ ಅನ್ನೋದನ್ನು ಮನೆ ಮನೆಯ ಲೆಕ್ಕದೊಂದಿಗೆ ತೋರಿಸ್ತಾರೆ.

ಹೊಸ ಪುಸ್ತಕದ ಮುಜಫ್ಫರ್‌ನಗರ ಕಬ್ಬಿನ ಸೀಮೆ. ಅಲ್ಲಿ ಜಾಟ್ ಜಮೀನುದಾರರು, ಮುಸ್ಲಿಂ ಕೂಲಿಕಾರರು ತಲೆಮಾರುಗಳಿಂದ ಒಟ್ಟಿಗೆ ಬದುಕಿದ್ದವರು. 2013ರ ಆಗಸ್ಟ್ 27ರಂದು ಕವಾಲ್ ಹಳ್ಳಿಯಲ್ಲಿ ಮೂವರು ಯುವಕರ ಕೊಲೆಯಾಯಿತು: ಒಬ್ಬ ಮುಸ್ಲಿಂ, ಇಬ್ಬರು ಜಾಟರು. ಜಗಳ ಯಾಕೆ ಶುರುವಾಯ್ತು? ಹುಡುಗಿಯನ್ನು ಚುಡಾಯಿಸಿದ್ದಕ್ಕೆ ಅಂತ ಒಂದು ಕಥೆ, ಗಾಡಿಗಳು ಡಿಕ್ಕಿಯಾದದ್ದಕ್ಕೆ ಅಂತ ಇನ್ನೊಂದು. ಅಷ್ಟರಲ್ಲಿ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ 2010ರಲ್ಲಿ ನಡೆದಿದ್ದ ಕೊಲೆಯೊಂದರ ವಿಡಿಯೋ ಕವಾಲ್‌ನದ್ದು ಅಂತ ಹರಿದಾಡಿತು. ಸೆಪ್ಟೆಂಬರ್ 7ರ ಮಹಾಪಂಚಾಯತ್ ನಂತರ ಹಿಂಸೆ ಹಳ್ಳಿಗಳಿಗೆ ಹಬ್ಬಿತು. ಮುಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ಆ ರಾಜ್ಯದ 80 ಸ್ಥಾನಗಳಲ್ಲಿ ಬಿಜೆಪಿ 71 ಗೆದ್ದಿತು.

ಸಂತ್ರಸ್ತರಿಗೆ ಆಗಿನ ಸಮಾಜವಾದಿ ಪಕ್ಷದ ಸರ್ಕಾರ ಏನು ಮಾಡಿತು? ಹೆಚ್ಚು ಹಾನಿಗೊಳಗಾದ ಹಳ್ಳಿಗಳ ಕುಟುಂಬಗಳಿಗೆ 5 ಲಕ್ಷ ರೂಪಾಯಿ ಪರಿಹಾರ. ಜತೆಗೊಂದು ಷರತ್ತು: ಮತ್ತೆ ನಿಮ್ಮ ಹಳ್ಳಿಗೆ ಹೋಗಲ್ಲ ಅಂತ ಅಫಿಡವಿಟ್ ಬರೆದುಕೊಡಬೇಕು. ಗಲಭೆಕೋರರು ಹೊರದಬ್ಬಿದವರನ್ನು ಹೊರಗೇ ಇರಿಸುವ ಕಾಗದಕ್ಕೆ ಸರ್ಕಾರವೇ ಸಹಿ ಹಾಕಿಸಿಕೊಂಡಿತು. ಹಾಗಾಗಿ ಇದು ಒಂದು ಪಕ್ಷದ ಮೇಲಿನ ಆರೋಪಪಟ್ಟಿಯಾಗಿ ಮುಗಿಯುವ ಕಥೆಯಲ್ಲ.

ಸಾಕೊ ಪುಸ್ತಕದ ಕೇಂದ್ರದಲ್ಲಿ ಇರುವುದು ಇದೇ. ಗಲಭೆಯ ಬಗ್ಗೆ ಪ್ರತಿ ಗುಂಪೂ ತನಗೆ ಬೇಕಾದ ಕಥೆಯನ್ನು ಹೇಗೆ ಕಟ್ಟಿಕೊಳ್ಳುತ್ತೆ, ಆ ಕಥೆ ಮುಂದಿನ ಗಲಭೆಗೆ ಹೇಗೆ ಸೌದೆಯಾಗುತ್ತೆ, ಪ್ರಜಾಪ್ರಭುತ್ವದಲ್ಲಿ ತಲೆ ಎಣಿಕೆಗೂ ತಲೆ ಒಡೆಯುವುದಕ್ಕೂ ಏನು ಸಂಬಂಧ. ಆರ್ಥರ್ ರಾಜನ ಕಥೆಯ ಪ್ರಸಿದ್ಧ ಕಾದಂಬರಿಯ ಹೆಸರನ್ನು ತಿರುಚಿ ಇಟ್ಟ ಶೀರ್ಷಿಕೆಯ ಅರ್ಥವೂ ಅದೇ: ಹಿಂದೆ ಆದದ್ದು, ಮುಂದೆಯೂ ಆಗಲಿರುವುದು.

ನಿಧಾನ ಸಾಲದೇ ಹೋದಾಗ

ಆದರೆ 2023ರ ಕೊನೆಯಲ್ಲಿ ಈ ನಿಧಾನವೇ ಅವರಿಗೆ ಪ್ರಶ್ನೆಯಾಯಿತು. ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾದೊಳಗೆ ಹೋಗದಂತೆ ಇಸ್ರೇಲ್ ತಡೆಯಿತು. ಅವರು ಗೆರೆ ಗೆರೆಯಾಗಿ ಬಿಡಿಸಿದ್ದ ರಫಾ, ಖಾನ್ ಯೂನಿಸ್ ಬೀದಿಗಳು ಬಾಂಬಿಗೆ ನೆಲಸಮವಾಗುತ್ತಿದ್ದವು. ಏಳು ವರ್ಷ ಕೂತು ಬರೆಯುವಷ್ಟು ವ್ಯವಧಾನ ಯಾರಿಗಿತ್ತು?

2024ರ ಜನವರಿಯಿಂದ ಅವರು ‘ದ ಕಾಮಿಕ್ಸ್ ಜರ್ನಲ್’ನಲ್ಲಿ ‘ದ ವಾರ್ ಆನ್ ಗಾಜಾ’ ಸರಣಿ ಶುರು ಮಾಡಿದರು. ಇದು ವರದಿಯಲ್ಲ, ಸಿಟ್ಟಿನ ವಿಡಂಬನೆ. ಬೈಡನ್‌ರಿಂದ ಹಿಡಿದು ತನ್ನ ತೆರಿಗೆ ದುಡ್ಡಿನವರೆಗೆ ಯಾರನ್ನೂ ಬಿಡಲಿಲ್ಲ. ಅದೇ ವರ್ಷದ ಕೊನೆಗೆ ಅದು 32 ಪುಟದ ಪುಸ್ತಿಕೆಯಾಗಿ ಬಂತು. 2025ರಲ್ಲಿ ‘ಮೌಸ್’ ಖ್ಯಾತಿಯ ಆರ್ಟ್ ಸ್ಪೀಗಲ್‌ಮನ್ ಜತೆ ಸೇರಿ ಗಾಜಾ ಬಗ್ಗೆಯೇ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ಗೆ ಕಾಮಿಕ್ಸ್ ಮಾಡಿದರು. ಒಂದು ಕೈಯಲ್ಲಿ ದಶಕ ಹಳೆಯ ಮುಜಫ್ಫರ್‌ನಗರದ ಪುಟಗಳು, ಇನ್ನೊಂದು ಕೈಯಲ್ಲಿ ಈ ವಾರದ ಗಾಜಾ. ಅವರ ಇತ್ತೀಚಿನ ವರ್ಷಗಳ ಚಿತ್ರ ಇದು.

ತಕರಾರುಗಳೂ ಇವೆ

ಹೊರಗಿನವನು, ಸ್ಥಳೀಯ ಭಾಷೆ ಬಾರದವನು, ದುಭಾಷಿ ಹೇಳಿದ್ದನ್ನು ನಂಬಬೇಕಾದವನು: ಇದು ಮೊದಲ ತಕರಾರು. ಸಾಕೊ ಇದನ್ನು ಮುಚ್ಚಿಡಲ್ಲ. ದುಭಾಷಿಗಳು ಅವರ ಪುಟಗಳಲ್ಲಿ ಪಾತ್ರಗಳಾಗಿಯೇ ಇರ್ತಾರೆ, ‘ದ ಫಿಕ್ಸರ್’ ಎಂಬ ಇಡೀ ಪುಸ್ತಕವೇ ಸರಾಯೆವೊದ ಒಬ್ಬ ಫಿಕ್ಸರ್ ಬಗ್ಗೆ. ತನ್ನನ್ನೂ ದೊಡ್ಡ ತುಟಿಯ, ಕನ್ನಡಕದ ಹಿಂದೆ ಕಣ್ಣೇ ಕಾಣದ ಪೆಚ್ಚು ಮನುಷ್ಯನಾಗಿ ಬಿಡಿಸಿಕೊಳ್ತಾರೆ. ಈ ಕಥೆಯನ್ನು ಹೇಳ್ತಿರೋದು ಒಬ್ಬ ವ್ಯಕ್ತಿ ಅನ್ನೋದನ್ನು ಓದುಗ ಮರೆಯದಿರಲಿ ಅಂತ.

ಎರಡನೆಯದು, ಫೋಟೊ ಸಾಕ್ಷಿಯಾಗಬಹುದು, ಚಿತ್ರ ಹೇಗೆ ಸಾಕ್ಷಿಯಾಗುತ್ತೆ? ಕಣ್ಣಾರೆ ಕಾಣದ 1956ನ್ನು ಬಿಡಿಸುವಾಗ ಕಲ್ಪನೆ ಬೆರೆಯುವುದಿಲ್ಲವೇ? ಬೆರೆಯುತ್ತೆ. ಅದಕ್ಕೇ ‘ಫುಟ್‌ನೋಟ್ಸ್’ ಕೊನೆಗೆ ದಾಖಲೆಗಳ ಅನುಬಂಧ ಇದೆ. ಮೂರನೆಯದು, ಪಕ್ಷಪಾತ. ಇಸ್ರೇಲಿನ ಮಾತು ಅಮೆರಿಕದ ಮಾಧ್ಯಮದಲ್ಲಿ ಬೇಕಾದಷ್ಟು ಕೇಳುತ್ತೆ, ತಾನು ಕೇಳಿಸದ ಮಾತನ್ನು ಬರೆದೆ ಅನ್ನೋದು ಅವರ ನಿಲುವು. ಒಪ್ಪೋದು ಬಿಡೋದು ಓದುಗರಿಗೆ ಬಿಟ್ಟದ್ದು, ಆದರೆ ನಿಲುವನ್ನು ಮುಚ್ಚಿಟ್ಟಿಲ್ಲ.

ಎಲ್ಲಿಂದ ಓದೋದು?

ಮೊದಲ ಸಲ ಓದುವವರು ‘ಜರ್ನಲಿಸಂ’ನಿಂದ ಶುರು ಮಾಡಿ. ವರದಿಗಳು ಚಿಕ್ಕವು, ‘ಕುಶಿನಗರ್’ ನಮಗೆ ಹತ್ತಿರ. ಆಮೇಲೆ ‘ಪ್ಯಾಲೆಸ್ಟೈನ್’, ಅದರ ಬೆನ್ನಿಗೇ ‘ಫುಟ್‌ನೋಟ್ಸ್’. ಮುಜಫ್ಫರ್‌ನಗರದ ಪುಸ್ತಕ ಕೊನೆಗಿರಲಿ. ಇದೇ ದಾರಿಯಲ್ಲಿ ನಮ್ಮವರೂ ನಡೆದಿದ್ದಾರೆ: ನರ್ಮದಾ ಚಳವಳಿಯ ಸುತ್ತ ಓರಿಜಿತ್ ಸೇನ್ 1994ರಲ್ಲಿ ತಂದ ‘ರಿವರ್ ಆಫ್ ಸ್ಟೋರೀಸ್’, ಅಂಬೇಡ್ಕರ್ ಬದುಕನ್ನು ಗೊಂಡ ಕಲೆಯಲ್ಲಿ ಹೇಳಿದ ‘ಭೀಮಾಯಣ’, ಕಾಶ್ಮೀರದ ಮಲಿಕ್ ಸಜಾದ್ ಅವರ ‘ಮುನ್ನು’ ಸಿಕ್ಕರೆ ಬಿಡಬೇಡಿ.

ಓದುವಾಗ ಒಂದು ಕೆಲಸ ಮಾಡಿ. ನಿಮ್ಮ ಜಿಲ್ಲೆಯಲ್ಲಿ ಐದು-ಹತ್ತು ವರ್ಷದ ಹಿಂದೆ ನಡೆದ ಒಂದು ಗಲಭೆ, ಒಂದು ಒಕ್ಕಲೆಬ್ಬಿಸುವಿಕೆ, ಒಂದು ಜಾತಿ ಹಲ್ಲೆಯನ್ನು ನೆನಪು ಮಾಡ್ಕೊಳ್ಳಿ. ಕೇಸು ಏನಾಯ್ತು, ಊರು ಬಿಟ್ಟವರು ಈಗ ಎಲ್ಲಿದ್ದಾರೆ, ಗೊತ್ತಾ? ಗೊತ್ತಿಲ್ಲ ಅಂದ್ರೆ ಅಲ್ಲಿ ಒಂದು ವರದಿ ಬಾಕಿ ಇದೆ. ಹತ್ತು ವರ್ಷ ತಡವಾದರೂ ಅದನ್ನು ಯಾರಾದರೂ ಬರೆಯಲೇಬೇಕು.