ಚಾಲುಕ್ಯ ಅರಸನ ಗಾಳ

ಖಾಪರಖೇಡಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉಷ್ಣ ವಿದ್ಯುತ್ ಕೇಂದ್ರದ ಹೊಗೆಕೊಳವೆಗಳು. ಐದು ಘಟಕ, 1340 ಮೆಗಾವ್ಯಾಟ್. ಆದರೆ ಊರಿಗೆ ಸಮೀಪದಲ್ಲೇ ಕನ್ಹಾನ್ ನದಿಯೂ ಹರಿಯುತ್ತದೆ, ಹೊಳೆಯಿದ್ದಲ್ಲಿ ಗಾಳ ಹಿಡಿದ ಹುಡುಗರು ಇದ್ದೇ ಇರುತ್ತಾರೆ. ಒಂದು ಬಿದಿರು ಕೋಲು, ಹೊಲಿಗೆಯ ದಾರ, ಬಗ್ಗಿಸಿದ ಗುಂಡುಸೂಜಿ, ಜೋಳದ ದಂಟಿನ ಬೆಂಡು, ಒಂದು ಎರೆಹುಳು. ಮನೆಯಲ್ಲೇ ಸಿಗುವ ಈ ಸಾಮಾನಿನ ವಿದ್ಯೆಗೆ ಒಂದು ಶಾಸ್ತ್ರಗ್ರಂಥವಿದೆ, ಅದನ್ನು ಬರೆದವನು ಕನ್ನಡ ನಾಡಿನ ಚಕ್ರವರ್ತಿ ಎಂದರೆ ನಮ್ಮ ಮಕ್ಕಳು ನಂಬಲಾರರು.

ಅವನೇ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, 'ಸರ್ವಜ್ಞ ಭೂಪ'. ಕ್ರಿ.ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ಅವನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆ. ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ನಮ್ಮ ಇಡ್ಲಿ, ದೋಸೆಗಳ ಪೂರ್ವಜರೂ ಅಲ್ಲಿ ಸಿಗುತ್ತಾರೆ! ವಿನೋದಗಳ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಪ್ರಕರಣವೊಂದಿದೆ. ಸಮುದ್ರದ ಮತ್ತು ಹೊಳೆಯ ಮೀನುಗಳಲ್ಲಿ ಮೂವತ್ತೈದು ಬಗೆಗಳನ್ನು ಹೇಳಿ, ಯಾವುದಕ್ಕೆ ಯಾವ ಆಹಾರ ಹಾಕಬೇಕು, ಗಾಳದ ಸಲಕರಣೆ ಹೇಗಿರಬೇಕು, ಮೀನು ಹಿಡಿಯುವ ಕ್ರಮವೇನು ಎಂಬುದನ್ನೆಲ್ಲ ಅರಸ ವಿವರಿಸುತ್ತಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು.

ಕಲ್ಯಾಣವೆಲ್ಲಿ, ನಾಗಪುರವೆಲ್ಲಿ ಎನ್ನಬೇಡಿ. ನಾಗಪುರದ ಸೀತಾಬರ್ಡಿಯ ಹೆಸರಿನಲ್ಲಿ ಪ್ರಸಿದ್ಧವಾದ ಶಕ 1008ರ, ಅಂದರೆ ಕ್ರಿ.ಶ. 1087ರ ಶಾಸನವು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯದು. ಆ ವಿಕ್ರಮಾದಿತ್ಯನ ಮಗನೇ ಈ ಸೋಮೇಶ್ವರ. ನೌಕರಿಗಾಗಿ ಇಲ್ಲಿಗೆ ಬಂದ ನಾವು ಹೊಸಬರಿರಬಹುದು. ಕಲ್ಯಾಣದ ಹೆಸರು ಈ ನೆಲಕ್ಕೆ ಹೊಸದಲ್ಲ.

ಜಗತ್ತಿನಲ್ಲೇ ಮೊದಲ ಪುಸ್ತಕ ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ಗ್ರೀಕ್ ಕವಿ ಒಪ್ಪಿಯನ್ ಎರಡನೆಯ ಶತಮಾನದಲ್ಲೇ ಮೀನುಗಾರಿಕೆಯ ಮೇಲೆ ಕಾವ್ಯ ಬರೆದಿದ್ದ. ಆದರೆ ಇಂಗ್ಲೆಂಡಿನಲ್ಲಿ ಗಾಳದ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ, ನಮ್ಮ ಅರಸ ಬರೆದು ಮುನ್ನೂರೈವತ್ತು ವರ್ಷ ಕಳೆದ ಮೇಲೆ. ಆ ಪುಸ್ತಕದ ಸೊಗಸೆಂದರೆ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳಿ ಎಂದು ಅದು ಹೇಳಿಕೊಡುವುದು. ದಾರಕ್ಕೆ ಕುದುರೆಯ ಬಾಲದ ಕೂದಲು: ತೀರ ಚಿಕ್ಕ ಮೀನಿಗೆ ಒಂದೇ ಎಳೆ, ಸಾಲ್ಮನ್ ಮೀನಿಗೆ ಹದಿನೈದು. ಕೊಕ್ಕೆಗೆ ಹೊಲಿಗೆಯ ಸೂಜಿ. ಸೂಜಿಯನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಬಿಟ್ಟರೆ ಮೆತ್ತಗಾಗುತ್ತದೆ. ಆಗ ಚಾಕುವಿನಿಂದ ತುದಿಯಲ್ಲಿ ಹಿಮ್ಮುಳ್ಳು ಎಬ್ಬಿಸಿ, ಮತ್ತೊಮ್ಮೆ ಕಾಯಿಸಿ ಬಗ್ಗಿಸಬೇಕು. ಕಾಯಿಸದೆ ಬಗ್ಗಿಸಿದರೆ ಮುರಿಯುತ್ತದೆ. ಕೊನೆಗೆ ಇನ್ನೊಂದು ಸಲ ಕೆಂಪೇರಿಸಿ ನೀರಿಗದ್ದಿದರೆ ಗಡಸಾಗುತ್ತದೆ. ಕುಡುಗೋಲು ಹದ ಮಾಡುವ ನಮ್ಮೂರಿನ ಕಮ್ಮಾರನ ಕೆಲಸವೂ ಇದೇ ತಾನೆ?

ಅರಸನಿಗೆ ಗಾಳ ವಿನೋದ. ಅದನ್ನೇ ನಂಬಿ ಬಾಳಿದ ಬೆಸ್ತರು, ಅಂಬಿಗರು, ಕರಾವಳಿಯ ಮೊಗವೀರರು, ಇಲ್ಲಿನ ಢೀವರರು ಇಂಥ ಗ್ರಂಥ ಬರೆದಿಡಲಿಲ್ಲ. ಅರಸನಿಗೆ ಸಲಕರಣೆಯ ಗುಟ್ಟು ಹೇಳಿಕೊಟ್ಟವರು ಇಂಥವರೇ ಆಗಿದ್ದಿರಬೇಕು ಎಂಬುದು ನನ್ನ ಊಹೆ. ಅವರ ವಿದ್ಯೆ ಕೈಯಿಂದ ಕೈಗೆ ಬಂದದ್ದು. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ನೈಲಾನನ್ನು ಪ್ರಕಟಿಸಿತು. ಮುಂದೆ ನೈಲಾನ್ ದಾರ ಸಂತೆಗೂ ಬಂತು, ಪುಂಡಿನಾರನ್ನೂ ಸೆಣಬನ್ನೂ ತೊಡೆಯ ಮೇಲೆ ಹೊಸೆಯುವ ಕೈಗಳು ಸುಮ್ಮನಾದವು. ನೈಲಾನ್ ಗಟ್ಟಿ, ನೀರಲ್ಲಿ ಕೊಳೆಯದು. ಮೀನುಗಾರ ಅದನ್ನು ಒಪ್ಪಿಕೊಂಡದ್ದರಲ್ಲಿ ತಪ್ಪೇನಿಲ್ಲ. ಆದರೆ ನಾರನ್ನು ಎಷ್ಟು ದಿನ ನೆನೆಹಾಕಬೇಕು, ಯಾವ ಮೀನಿಗೆ ಎಷ್ಟು ಎಳೆ ಎಂಬ ಲೆಕ್ಕವನ್ನು ನಮ್ಮಲ್ಲಿ ಯಾರು ಬರೆದಿಟ್ಟಿದ್ದಾರೆ? ತುಂಗಭದ್ರೆಯ, ಕಾಳಿಯ ದಡದಲ್ಲಿ ಬೆಳೆದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಅಜ್ಜನನ್ನು ಕೇಳಿ ಒಂದು ವಹಿಯಲ್ಲಿ ಬರೆದುಕೊಳ್ಳಲಿ, ಜೊತೆಗೆ ಒಂದು ಗಾಳವನ್ನೂ ಕಟ್ಟಿಸಿಕೊಳ್ಳಲಿ. ಕೋಲು ನೆರಳಿನಲ್ಲಿ ಒಣಗಿದ ಬಿದಿರಿನದಾಗಿರಲಿ, ತುದಿ ಬಳುಕುವಂತಿರಲಿ. ಮೀನಿನ ಜಗ್ಗಾಟವನ್ನು ಆ ಬಳುಕೇ ತಾಳಿಕೊಂಡು ದಾರವನ್ನು ಉಳಿಸುತ್ತದೆ. ಗುಂಡುಸೂಜಿಗೆ ಹಿಮ್ಮುಳ್ಳಿಲ್ಲ. ಆದ್ದರಿಂದ ಬೆಂಡು ಮುಳುಗಿದ ಮೇಲೆ ಮೀನು ದಡ ಸೇರುವ ತನಕ ದಾರ ಸಡಿಲಬಾರದು.