ಮನ್ರೋ (ಮನೆತನದ ಹೆಸರು)

ಮನ್ರೋ ಎಂಬುದು ಸ್ಕಾಟ್ಲೆಂಡಿನ ಈಸ್ಟರ್ ರಾಸ್ ಸೀಮೆಯ ಕುಲನಾಮ. ಕುಲದ ಮುಖ್ಯಸ್ಥರ ನೆಲೆ ಫೌಲಿಸ್ ಕೋಟೆ. ಪೂರ್ವಜರು ಐರ್ಲೆಂಡಿನ ರೋ ನದಿಯ ಕಡೆಯಿಂದ ಬಂದರೆಂಬುದು ಐತಿಹ್ಯ. ದಾಖಲೆಯ ಆಧಾರವಿರುವ ಮೊದಲ ಮುಖ್ಯಸ್ಥ 1369ರಲ್ಲಿ ತೀರಿಕೊಂಡ ರಾಬರ್ಟ್. ಅಮೆರಿಕದ ಐದನೆಯ ಅಧ್ಯಕ್ಷ ಜೇಮ್ಸ್ ಮನ್ರೋ, ಬ್ಲೂಗ್ರಾಸ್ ಸಂಗೀತಗಾರ ಬಿಲ್ ಮನ್ರೋ ಇವರ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ. ಕನ್ನಡದಲ್ಲಿ ಆ ಭೇದ ಉಳಿಯುವುದಿಲ್ಲ.

ದಕ್ಷಿಣ ಭಾರತದ ಚರಿತ್ರೆಯಲ್ಲಿ ಮೂವರು ಮನ್ರೋಗಳು ಒಬ್ಬರೊಳಗೊಬ್ಬರು ಬೆರೆತುಹೋಗುವುದುಂಟು. ಹಿರಿಯವ ಹೆಕ್ಟರ್, 1764ರ ಬಕ್ಸಾರ್ ಕದನ ಗೆದ್ದ ಸೇನಾನಿ. 1780ರಲ್ಲಿ ಪೊಳ್ಳಿಲೂರಿನ ಬಳಿ ಹೈದರನ ಸೇನೆಗೆ ಸಿಕ್ಕಿಬಿದ್ದ ಸಹ ಸೇನಾನಿ ಬೇಯ್ಲಿಯ ನೆರವಿಗೆ ಹೋಗದೆ, ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ತಳ್ಳಿ ಮದರಾಸಿನತ್ತ ಹಿಂದೆಗೆದವನೂ ಇವನೇ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಇವನ ಮಗನನ್ನು ಹುಲಿ ಕೊಂದಿತು. ಟಿಪ್ಪುವಿನ ಯಾಂತ್ರಿಕ ಹುಲಿಗೆ ಆ ಸಾವೇ ಪ್ರೇರಣೆ ಎಂಬ ಮಾತು ಜನಪ್ರಿಯವಾದರೂ ಅದು ಊಹೆ. ಹುಲಿ ಅದಕ್ಕೂ ಮೊದಲೇ ಟಿಪ್ಪುವಿನ ಲಾಂಛನವಾಗಿತ್ತು.

ಥಾಮಸ್ ಮನ್ರೋ (1761–1827) ಗ್ಲಾಸ್ಗೋದ ವರ್ತಕನ ಮಗ. ಟಿಪ್ಪುವಿನ ಪತನದ ಬೆನ್ನಿಗೇ ಕೆನರಾದ ಕಲೆಕ್ಟರನಾದ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೇರಿದ್ದ ದತ್ತ ಮಂಡಲವನ್ನು ಆಳಿದ. ಸರ್ಕಾರ ಜಮೀನ್ದಾರನನ್ನು ಬಿಟ್ಟು ನೇರವಾಗಿ ರೈತನಿಂದ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ ಇವನ ಹೆಸರು ಅಂಟಿಕೊಂಡಿದ್ದರೂ, ಅದರ ಮೊದಲ ಪಾಠ ಕಲಿತದ್ದು ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಇವನೊಂದಿಗೆ ಮಾತನಾಡಿದರೆಂಬುದು ಭಕ್ತರ ನಂಬಿಕೆ. ಮದರಾಸಿನ ಗವರ್ನರನಾಗಿರುವಾಗಲೇ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಮೂರನೆಯವ ರಾಸ್‌ಶೈರಿನ ಟೀನಿನಿಚ್ ಮನೆತನದ ಜಾನ್, ತಿರುವಾಂಕೂರಿನ ರೆಸಿಡೆಂಟ್. 1811ರಿಂದ ಕೆಲಕಾಲ ದಿವಾನನೂ ಆಗಿದ್ದ. ಕೊಲ್ಲಂ ಬಳಿಯ ಮನ್ರೋ ತುರುತ್ತು (ದ್ವೀಪ) ಥಾಮಸನದಲ್ಲ, ಇವನ ಹೆಸರಿನದು.

ಹ್ಯೂ ಮನ್ರೋನಿಂದ ಕುಲನಾಮವೇ ಸಾಮಾನ್ಯ ನಾಮಪದವಾಯಿತು. ಸ್ಕಾಟ್ಲೆಂಡಿನ 3000 ಅಡಿ ಮೀರಿದ ಶಿಖರಗಳ ಪಟ್ಟಿಯನ್ನು ಈತ 1891ರಲ್ಲಿ ಪ್ರಕಟಿಸಿದ. ಅಂಥ ಶಿಖರಕ್ಕೆ ಇಂದು ‘ಮನ್ರೋ’ ಎಂದೇ ಹೆಸರು, ಸದ್ಯದ ಎಣಿಕೆ 282. ಪಟ್ಟಿಯ ಎಲ್ಲ ಶಿಖರಗಳನ್ನು ಏರುವುದು ಪಟ್ಟಿಕಾರನಿಗೇ ಆಗಲಿಲ್ಲ.

‘ಸಾಕಿ’ ಕಾವ್ಯನಾಮದ ಕತೆಗಾರ ಎಚ್. ಎಚ್. ಮನ್ರೋ ಹುಟ್ಟಿದ್ದು ಬರ್ಮಾದಲ್ಲಿ. 2013ರ ನೊಬೆಲ್ ಪಡೆದ ಕೆನಡಾದ ಆಲಿಸ್ ಮನ್ರೋಗೆ ಈ ಹೆಸರು ಬಂದದ್ದು ಮದುವೆಯಿಂದ. ತವರಿನ ಹೆಸರು ಲೇಡ್ಲಾ. ‘ರನ್‌ರಿಗ್’ ತಂಡದ ಗಾಯಕ ಡಾನಿ ಮನ್ರೋ 1997ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಡರ್ಬನ್‌ನಲ್ಲಿ ಹುಟ್ಟಿ ನ್ಯೂಜಿಲೆಂಡಿಗೆ ಆಡಿದ ಕಾಲಿನ್ ಮನ್ರೋ, ಅಂತರರಾಷ್ಟ್ರೀಯ ಟಿ20 ಕ್ರಿಕೆಟ್‌ನಲ್ಲಿ ಮೂರು ಶತಕ ಗಳಿಸಿದ ಮೊದಲ ಆಟಗಾರ (2018).